ಪದವಿಯ ಕೊನೆಯ ವರ್ಷವನ್ನು ಬಿಟ್ಟು ಕೆಲಸಕ್ಕೆ ಸೇರಬಹುದೇ? ವೃತ್ತಿಯಲ್ಲಿ ಮೇಲೇರಲು ಪದವಿ ಬೇಕೇ ಬೇಕೇ?

ಕವಲುದಾರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಗಣಕ ವಿಜ್ಞಾನದ ಪದವಿ ವಿದ್ಯಾರ್ಥಿ. ಓದು ಮುಗಿಯಲು ಇನ್ನು ಎರಡು ಸೆಮಿಸ್ಟರ್‌ಗಳು ಬಾಕಿ ಇವೆ. ಕಳೆದ ರಜೆಯಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಎರಡು ತಿಂಗಳು ಇಂಟರ್ನ್ ಆಗಿದ್ದೆ. ಅಲ್ಲಿ ನಾನು ಬರೆದ ಒಂದು ಭಾಗವನ್ನು ಅವರು ಈಗಲೂ ಬಳಸುತ್ತಿದ್ದಾರೆ. ಕಳೆದ ವಾರ ಅವರೇ ಕರೆದು, ಮುಂದಿನ ತಿಂಗಳಿನಿಂದ ಪೂರ್ಣಾವಧಿ ಕೆಲಸಕ್ಕೆ ಬರುವುದಾದರೆ ಸ್ಥಾನ ಖಾಲಿ ಇದೆ, ಪದವಿಯ ಬಗ್ಗೆ ನಮಗೆ ತಕರಾರಿಲ್ಲ ಎಂದು ಹೇಳಿದರು.

ತಂದೆಯವರು ಪದವಿ ಮುಗಿಯುವವರೆಗೆ ಬೇರೆ ಮಾತೇ ಬೇಡ ಎನ್ನುತ್ತಾರೆ. ಸ್ನೇಹಿತರು ಬಿಲ್ ಗೇಟ್ಸ್, ಮಾರ್ಕ್ ಝುಕರ್‌ಬರ್ಗ್ ಅವರ ಹೆಸರು ಹೇಳುತ್ತಾರೆ. ನನಗೆ ಇಬ್ಬರ ಮಾತಿನಲ್ಲೂ ಅರ್ಧ ಸತ್ಯ ಇದೆ ಅನ್ನಿಸುತ್ತದೆ, ಆದರೆ ಯಾವ ಅರ್ಧ ಎಂದು ತಿಳಿಯುತ್ತಿಲ್ಲ. ತರಗತಿಯಲ್ಲಿ ಕಲಿಯುವುದಕ್ಕಿಂತ ಹೆಚ್ಚನ್ನು ಆ ಎರಡು ತಿಂಗಳಲ್ಲಿ ಕಲಿತೆ ಎನ್ನುವುದು ನನ್ನ ಪ್ರಾಮಾಣಿಕ ಅನುಭವ. ಹಾಗಿದ್ದರೂ ಐದು ಅಥವಾ ಹತ್ತು ವರ್ಷಗಳ ನಂತರ ಪದವಿ ಇಲ್ಲದಿರುವುದು ನನ್ನನ್ನು ಎಲ್ಲಿ ತಡೆಯಬಹುದು ಎಂಬುದನ್ನು ಈಗಲೇ ತಿಳಿದುಕೊಳ್ಳಬೇಕು. ಈ ದಾರಿಯಲ್ಲಿ ನಡೆದವರು, ಕೆಲಸಕ್ಕೆ ಜನರನ್ನು ಆಯ್ಕೆ ಮಾಡುವವರು ದಯವಿಟ್ಟು ತಿಳಿಸಿ.

ಅರ್ಜಿಗಳ ಮೇಜು

ಹದಿನೈದು ವರ್ಷಗಳಿಂದ ನೇಮಕಾತಿಯ ಕೆಲಸದಲ್ಲಿದ್ದೇನೆ, ಆದ್ದರಿಂದ ಮೇಜಿನ ಈಚೆ ಬದಿಯಿಂದ ಕಾಣುವುದನ್ನು ಹೇಳುತ್ತೇನೆ. ನಿಮ್ಮನ್ನು ಕರೆದ ಕಂಪನಿಗೆ ಪದವಿ ಏಕೆ ಬೇಕಾಗಿಲ್ಲ ಎಂದು ಯೋಚಿಸಿ. ಅವರು ನಿಮ್ಮ ಕೆಲಸವನ್ನು ಎರಡು ತಿಂಗಳು ಕಣ್ಣಾರೆ ನೋಡಿದ್ದಾರೆ. ನೀವು ಹೇಳಿದ ಸಮಯಕ್ಕೆ ಬರುತ್ತೀರಾ, ತಪ್ಪಾದರೆ ಒಪ್ಪಿಕೊಳ್ಳುತ್ತೀರಾ, ಗೊತ್ತಿಲ್ಲದ್ದನ್ನು ಕೇಳಿ ಕಲಿಯುತ್ತೀರಾ ಎಂಬುದೆಲ್ಲ ಅವರಿಗೆ ಗೊತ್ತು. ಇಷ್ಟು ಗೊತ್ತಿರುವವರಿಗೆ ಪದವಿಯ ಕಾಗದ ಹೊಸದಾಗಿ ಏನನ್ನೂ ತಿಳಿಸುವುದಿಲ್ಲ. ಆದರೆ ನಿಮ್ಮ ಎರಡನೆಯ ಕೆಲಸದ ಹೊತ್ತಿಗೆ ನಿಮ್ಮ ಅರ್ಜಿ ನನ್ನಂಥವರ ಮುಂದೆ ಬರುತ್ತದೆ. ನನಗೆ ನಿಮ್ಮ ಮುಖ ಗೊತ್ತಿಲ್ಲ. ಒಂದು ಸ್ಥಾನಕ್ಕೆ ನೂರಾರು ಅರ್ಜಿಗಳಿದ್ದಾಗ, ಒಂದೊಂದನ್ನೂ ಓದುವ ಮೊದಲೇ ಅವುಗಳ ಸಂಖ್ಯೆಯನ್ನು ಕಡಿಮೆ ಮಾಡಿಕೊಡುವ ಒಂದು ಜರಡಿ ಬೇಕಾಗುತ್ತದೆ. ಪದವಿ ಆ ಜರಡಿ. ಅದು ನ್ಯಾಯವಾದ ಜರಡಿ ಎಂದು ನಾನು ವಾದಿಸುವುದಿಲ್ಲ, ಅಗ್ಗವಾದದ್ದು ಮತ್ತು ಕೈಗೆ ಸುಲಭವಾಗಿ ಸಿಗುವಂಥದ್ದು ಎಂದಷ್ಟೇ ಹೇಳುತ್ತೇನೆ.

ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲಿ ಇದನ್ನೇ ಒಂದು ಸಿದ್ಧಾಂತವಾಗಿ ವಿವರಿಸಿದರು. ಉದ್ಯೋಗದಾತನಿಗೆ ಅಭ್ಯರ್ಥಿಯ ನಿಜವಾದ ಸಾಮರ್ಥ್ಯ ಕಾಣುವುದಿಲ್ಲ, ಆದ್ದರಿಂದ ಸಮರ್ಥರಿಗೆ ಪಡೆಯಲು ಸುಲಭವಾದ, ಉಳಿದವರಿಗೆ ಕಷ್ಟವಾದ ಒಂದು ಗುರುತನ್ನು ಅವನು ನೋಡುತ್ತಾನೆ. ಪದವಿ ಅಂಥದ್ದೊಂದು ಗುರುತು. ಓದಿನಿಂದ ಏನೂ ಕಲಿಯದಿದ್ದರೂ ಈ ಗುರುತಿಗೆ ಬೆಲೆ ಇರಬಹುದು ಎನ್ನುವುದು ಆ ವಾದದ ಮುಳ್ಳು. ಇಂಥ ಮಾಹಿತಿಯ ಅಸಮತೆಯ ಅಧ್ಯಯನಕ್ಕೆ 2001ರಲ್ಲಿ ಅವರಿಗೆ, ಇನ್ನಿಬ್ಬರ ಜೊತೆಗೆ, ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಅದಕ್ಕೂ ಮೊದಲು, 1964ರಲ್ಲಿ, ಇನ್ನೊಬ್ಬ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್, ಓದು ಮನುಷ್ಯನ ದುಡಿಯುವ ಶಕ್ತಿಯನ್ನೇ ಹೆಚ್ಚಿಸುತ್ತದೆ, ಅದೊಂದು ಬಂಡವಾಳ ಹೂಡಿಕೆ ಎಂದು ವಾದಿಸಿದ್ದರು. ನನ್ನ ಅನುಭವದಲ್ಲಿ ಎರಡೂ ನಿಜ, ಮತ್ತು ಯಾವ ಅಭ್ಯರ್ಥಿಯಲ್ಲಿ ಯಾವುದು ಎಷ್ಟು ಎಂಬುದು ಸಂದರ್ಶನದ ಹತ್ತನೆಯ ನಿಮಿಷದಲ್ಲಿ ತಿಳಿಯುತ್ತದೆ. ತೊಂದರೆಯೆಂದರೆ ಆ ಹತ್ತನೆಯ ನಿಮಿಷದವರೆಗೆ ನೀವು ಬರಬೇಕಲ್ಲ.

ಈ ಜರಡಿ ಅತಿಯಾಗಿದೆ ಎಂಬುದನ್ನೂ ಒಪ್ಪಬೇಕು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 2017ರಲ್ಲಿ ಪ್ರಕಟಿಸಿದ ಒಂದು ವರದಿಯ ಪ್ರಕಾರ, ಅಮೆರಿಕದಲ್ಲಿ ಉತ್ಪಾದನಾ ಮೇಲ್ವಿಚಾರಕರ ಹುದ್ದೆಗೆ ಬಂದ ಜಾಹೀರಾತುಗಳಲ್ಲಿ ಶೇ. 67ರಷ್ಟು ಪದವಿಯನ್ನು ಕೇಳಿದ್ದವು. ಆಗ ಅದೇ ಹುದ್ದೆಯಲ್ಲಿ ದುಡಿಯುತ್ತಿದ್ದವರಲ್ಲಿ ಪದವಿ ಇದ್ದದ್ದು ಶೇ. 16ರಷ್ಟು ಜನರಿಗೆ ಮಾತ್ರ. ಅಂದರೆ ಪದವಿಯಿಲ್ಲದವರು ಚೆನ್ನಾಗಿ ಮಾಡುತ್ತಿದ್ದ ಕೆಲಸಕ್ಕೆ ಹೊಸಬರಿಂದ ಪದವಿ ಕೇಳಲಾಗುತ್ತಿತ್ತು. ಇಂಥ ಟೀಕೆಗಳ ನಂತರ ಹಲವು ದೊಡ್ಡ ಕಂಪನಿಗಳು ಜಾಹೀರಾತಿನಿಂದ ಪದವಿಯ ಷರತ್ತನ್ನು ತೆಗೆದುಹಾಕಿದವು. ಆದರೆ ಅದೇ ಸಂಸ್ಥೆ ಉದ್ಯೋಗ ಮಾರುಕಟ್ಟೆಯನ್ನು ಅಧ್ಯಯನ ಮಾಡುವ ಬರ್ನಿಂಗ್ ಗ್ಲಾಸ್ ಇನ್‌ಸ್ಟಿಟ್ಯೂಟ್ ಜೊತೆ ಸೇರಿ 2024ರಲ್ಲಿ ಲೆಕ್ಕ ಹಾಕಿದಾಗ, ಈ ಬದಲಾವಣೆಯಿಂದ ಪದವಿಯಿಲ್ಲದವರಿಗೆ ಹೊಸದಾಗಿ ದೊರೆತ ಅವಕಾಶ 700 ನೇಮಕಗಳಲ್ಲಿ ಒಂದಕ್ಕಿಂತ ಕಡಿಮೆ ಎಂದು ಕಂಡುಬಂತು. ಜಾಹೀರಾತಿನ ಸಾಲನ್ನು ಅಳಿಸುವುದು ಒಂದು ದಿನದ ಕೆಲಸ, ಆಯ್ಕೆ ಮಾಡುವವರ ಅಭ್ಯಾಸ ಬದಲಾಗುವುದಕ್ಕೆ ವರ್ಷಗಳು ಬೇಕು. ನನ್ನದೇ ಅಭ್ಯಾಸವನ್ನು ನೋಡಿ ಹೇಳುತ್ತಿದ್ದೇನೆ, ಇದು ನನಗೆ ಸಂತೋಷದ ಮಾತಲ್ಲ.

ತಡವಾಗಿ ಓದಿದವನು

ಕವಲುದಾರಿಯವರೇ, ನೀವು ಈಗ ನಿಂತಿರುವ ಜಾಗದಲ್ಲಿ ನಾನು ಇಪ್ಪತ್ತೊಂದನೆಯ ವಯಸ್ಸಿನಲ್ಲಿ ನಿಂತಿದ್ದೆ, ಮತ್ತು ಓದು ಬಿಟ್ಟು ಕೆಲಸಕ್ಕೆ ಹೋದೆ. ಮನೆಯಲ್ಲಿ ಹಣದ ಅಗತ್ಯವೂ ಇತ್ತು. ಆ ನಿರ್ಧಾರವನ್ನು ತಪ್ಪು ಎಂದು ಇಂದಿಗೂ ಹೇಳಲಾರೆ, ಆದರೆ ಅದರ ಬೆಲೆ ಯಾವಾಗ ತೆರಬೇಕಾಗುತ್ತದೆ ಎಂಬ ಅಂದಾಜು ನನಗೆ ಇರಲಿಲ್ಲ.

ಮೊದಲ ಆರು ವರ್ಷ ಯಾರೂ ಪದವಿಯ ವಿಷಯ ಎತ್ತಲಿಲ್ಲ. ನನ್ನ ಜೊತೆಗೆ ಸೇರಿದ ಪದವೀಧರರಿಗೆ ನಾನೇ ಕೆಲಸ ಕಲಿಸಿದೆ, ಅವರಿಗಿಂತ ಮೊದಲು ತಂಡದ ಮುಖ್ಯಸ್ಥನಾದೆ. ಏಳನೆಯ ವರ್ಷ ಕಂಪನಿ ಕೈಬದಲಾಯಿತು. ನನ್ನನ್ನು ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಹೊಸ ಆಡಳಿತ ವ್ಯವಸ್ಥಾಪಕ ಹುದ್ದೆಗಳಿಗೆ ಕನಿಷ್ಠ ವಿದ್ಯಾರ್ಹತೆಯನ್ನು ನಿಗದಿ ಮಾಡಿತು, ಮತ್ತು ಬಡ್ತಿಯ ಪಟ್ಟಿಯಿಂದ ನನ್ನ ಹೆಸರು ಬಿಟ್ಟುಹೋಯಿತು. ಕೇಳಿದಾಗ ಯಾರೂ ನನ್ನ ಕೆಲಸದಲ್ಲಿ ಕೊರತೆ ತೋರಿಸಲಿಲ್ಲ. ನಿಯಮ ಹಾಗಿದೆ ಎಂದರು. ಮರುವರ್ಷ ಹೊರದೇಶದ ಒಂದು ಅವಕಾಶ ಬಂದಾಗ ವೀಸಾದ ಅರ್ಜಿಯಲ್ಲೇ ಅದು ನಿಂತುಹೋಯಿತು. ಹಲವು ದೇಶಗಳ ಉದ್ಯೋಗ ವೀಸಾಗಳು ಪದವಿಯನ್ನು ಕೇಳುತ್ತವೆ. ಅಮೆರಿಕದ ಎಚ್-1ಬಿ ವೀಸಾಕ್ಕೆ ಸಾಮಾನ್ಯವಾಗಿ ಸಂಬಂಧಪಟ್ಟ ವಿಷಯದಲ್ಲಿ ಪದವಿ ಅಥವಾ ಅದಕ್ಕೆ ಸಮಾನವೆಂದು ಸಾಬೀತುಪಡಿಸಬಹುದಾದ ಅನುಭವ ಬೇಕು, ಮತ್ತು ಆ ಸಾಬೀತುಪಡಿಸುವಿಕೆ ಎಷ್ಟು ದಾಖಲೆಗಳ ಕೆಲಸ ಎಂಬುದನ್ನು ಮಾಡಿದವರೇ ಬಲ್ಲರು. ನಿಮ್ಮ ಕೆಲಸವನ್ನು ಮೆಚ್ಚಿದ ಮೇಲಧಿಕಾರಿ ಎಷ್ಟೇ ಒಳ್ಳೆಯವರಾಗಿದ್ದರೂ ಆ ಅರ್ಜಿಯನ್ನು ಪರಿಶೀಲಿಸುವ ಅಧಿಕಾರಿಗೆ ಅವರ ಮೆಚ್ಚುಗೆ ಕಾಣುವುದಿಲ್ಲ.

ಕೊನೆಗೆ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ದೂರಶಿಕ್ಷಣದಲ್ಲಿ ಪದವಿ ಮುಗಿಸಿದೆ. ಮಗು ಮಲಗಿದ ಮೇಲೆ ಓದುತ್ತಿದ್ದೆ. ಪರೀಕ್ಷೆಗಾಗಿ ರಜೆ ಉಳಿಸಿಕೊಳ್ಳುತ್ತಿದ್ದೆ. ಇಪ್ಪತ್ತೊಂದರಲ್ಲಿ ಒಂದು ವರ್ಷ ಬೇಡುತ್ತಿದ್ದ ಓದು ಆಗ ನಾಲ್ಕು ವರ್ಷ ಬೇಡಿತು, ಏಕೆಂದರೆ ಹಳೆಯ ಪಠ್ಯಕ್ರಮ ಬದಲಾಗಿ ನನ್ನ ಹಿಂದಿನ ಅಂಕಗಳಲ್ಲಿ ಹೆಚ್ಚಿನವು ಲೆಕ್ಕಕ್ಕೆ ಬರಲಿಲ್ಲ. ನೀವು ಓದು ಬಿಡುವುದೇ ಆದರೆ ಈ ಒಂದು ವಿಷಯವನ್ನು ಮೊದಲು ವಿಚಾರಿಸಿ: ಈವರೆಗೆ ಗಳಿಸಿದ ಅಂಕಗಳು ಎಷ್ಟು ವರ್ಷ ಮಾನ್ಯವಾಗಿರುತ್ತವೆ? ನನಗೆ ಅದನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಪಾಠ ಹೇಳುವವಳು

ನಾನು ಅಧ್ಯಾಪಕಿ. ಹಾಗಾಗಿ ಪದವಿಯ ಪರವಾಗಿಯೇ ಮಾತನಾಡುತ್ತೇನೆ ಎಂದು ಯಾರಾದರೂ ಭಾವಿಸಿದರೆ ಅದು ಸಹಜ. ಆದರೆ ಮೂರು ವರ್ಷ ಬೆಂಚಿನ ಮೇಲೆ ಕುಳಿತು, ಪರೀಕ್ಷೆಯ ಹಿಂದಿನ ವಾರ ಹಳೆಯ ಪ್ರಶ್ನೆಪತ್ರಿಕೆಗಳನ್ನು ಉರುಹೊಡೆದು, ಕೊನೆಗೆ ಒಳ್ಳೆಯ ದರ್ಜೆಯೊಂದಿಗೆ ಹೊರಬಂದರೂ ಒಂದು ಪುಟ ಸ್ಪಷ್ಟವಾಗಿ ಬರೆಯಲಾರದ ವಿದ್ಯಾರ್ಥಿಗಳನ್ನು ನಾನು ಪ್ರತಿವರ್ಷ ನೋಡುತ್ತೇನೆ. ಅದು ನಮ್ಮ ಸೋಲು, ಅದನ್ನು ಮುಚ್ಚಿಡುವುದಿಲ್ಲ. ಪದವಿ ಇದ್ದ ಮಾತ್ರಕ್ಕೆ ಯಶಸ್ಸು ಬರುತ್ತದೆ ಎನ್ನುವುದನ್ನು ಯಾರೂ ನಂಬಬಾರದು.

ಆದರೂ ನಿಮ್ಮ ಸ್ನೇಹಿತರ ಉದಾಹರಣೆಗಳಿಗೆ ಉತ್ತರ ಕೊಡಬೇಕು. ಗೇಟ್ಸ್ 1975ರಲ್ಲಿ, ಝುಕರ್‌ಬರ್ಗ್ 2004ರಲ್ಲಿ ಓದು ಬಿಟ್ಟದ್ದು ಹಾರ್ವರ್ಡ್‌ನಿಂದ. ಅಲ್ಲಿ ಪ್ರವೇಶ ದೊರೆತದ್ದೇ ಒಂದು ಗುರುತು. ಬಿಡುವ ಹೊತ್ತಿಗೆ ಇಬ್ಬರ ಕೈಯಲ್ಲೂ ಆರಂಭವಾಗಿದ್ದ ಉದ್ಯಮವಿತ್ತು. ಅದು ಸೋತಿದ್ದರೆ ಹಿಂದಿರುಗುವ ಬಾಗಿಲೂ ಇತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಂಖ್ಯಾಶಾಸ್ತ್ರಜ್ಞ ಅಬ್ರಹಾಂ ವಾಲ್ಡ್ ಯುದ್ಧವಿಮಾನಗಳ ಹಾನಿಯನ್ನು ಅಧ್ಯಯನ ಮಾಡುವಾಗ ಒಂದು ಸೂಕ್ಷ್ಮವನ್ನು ಗುರುತಿಸಿದ್ದರು: ನಾವು ಎಣಿಸುತ್ತಿರುವುದು ಹಿಂದಿರುಗಿ ಬಂದ ವಿಮಾನಗಳ ಮೇಲಿನ ಗುಂಡಿನ ಗುರುತುಗಳನ್ನು, ಬೀಳಿಸಲ್ಪಟ್ಟ ವಿಮಾನಗಳು ನಮ್ಮ ಎಣಿಕೆಗೆ ಸಿಗುವುದೇ ಇಲ್ಲ. ಓದು ಬಿಟ್ಟು ಗೆದ್ದವರ ಕತೆಗಳನ್ನು ಕೇಳುವಾಗಲೂ ನನಗೆ ಆ ವಿಮಾನಗಳ ನೆನಪಾಗುತ್ತದೆ.

ನಿಜವಾಗಿ ಪದವಿಯಿಲ್ಲದೆ ಮೇಲೆ ಬಂದವರ ಹಾದಿಯನ್ನು ಹತ್ತಿರದಿಂದ ನೋಡಿದರೆ ಇನ್ನೂ ಹೆಚ್ಚು ಕಲಿಯಬಹುದು. ವಿಜ್ಞಾನಿ ಮೈಕೆಲ್ ಫ್ಯಾರಡೆ ಪುಸ್ತಕಕ್ಕೆ ರಟ್ಟು ಕಟ್ಟುವವರ ಬಳಿ ಏಳು ವರ್ಷ ಕೆಲಸ ಕಲಿತವರು. 1812ರಲ್ಲಿ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿಯವರ ಉಪನ್ಯಾಸಗಳನ್ನು ಕೇಳಿ, ಅವುಗಳನ್ನು ವಿವರವಾಗಿ ಬರೆದುಕೊಂಡು, ತಾವೇ ರಟ್ಟು ಕಟ್ಟಿ, ಆ ಪುಸ್ತಕವನ್ನು ಡೇವಿಯವರಿಗೇ ಕಳುಹಿಸಿದರು. 1813ರ ಮಾರ್ಚ್‌ನಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್‌ನ ಪ್ರಯೋಗಾಲಯದಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಅವರ ಬಳಿ ಪದವಿ ಇರಲಿಲ್ಲ, ಆದರೆ ಪದವಿ ಮಾಡಬೇಕಾದ ಕೆಲಸವನ್ನು ಆ ರಟ್ಟು ಕಟ್ಟಿದ ಟಿಪ್ಪಣಿಗಳು ಮಾಡಿದವು: ತನ್ನನ್ನು ಅರಿಯದ ಒಬ್ಬ ವಿದ್ವಾಂಸನಿಗೆ ತನ್ನ ಶ್ರದ್ಧೆಯನ್ನೂ ಗ್ರಹಿಕೆಯನ್ನೂ ತೋರಿಸಿಕೊಟ್ಟವು. ಶ್ರೀನಿವಾಸ ರಾಮಾನುಜನ್ ಅವರದು ಇನ್ನೂ ಕಠಿಣವಾದ ಕತೆ. ಗಣಿತವೊಂದನ್ನು ಬಿಟ್ಟು ಬೇರೆ ವಿಷಯಗಳಲ್ಲಿ ಮನಸ್ಸು ನಿಲ್ಲದೆ ಕಾಲೇಜಿನ ಪರೀಕ್ಷೆಯಲ್ಲಿ ಅನುತ್ತೀರ್ಣರಾದ ಅವರು ಗುಮಾಸ್ತರಾಗಿ ದುಡಿದರು. 1913ರಲ್ಲಿ ಜಿ. ಎಚ್. ಹಾರ್ಡಿಯವರಿಗೆ ಪತ್ರ ಬರೆಯುವ ಮೊದಲು ಕೇಂಬ್ರಿಜ್‌ನ ಬೇರೆ ಗಣಿತಜ್ಞರಿಗೆ ಬರೆದ ಪತ್ರಗಳಿಂದ ಏನೂ ಪ್ರಯೋಜನವಾಗಿರಲಿಲ್ಲ. ಅಂಥ ಪ್ರತಿಭೆಗೂ ತನ್ನನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲ ಒಬ್ಬನೇ ಒಬ್ಬ ಓದುಗನಿಗಾಗಿ ಕಾಯಬೇಕಾಯಿತು. ಕೇಂಬ್ರಿಜ್ 1916ರಲ್ಲಿ ಅವರ ಸಂಶೋಧನೆಗಾಗಿ ಬಿ.ಎ. ಪದವಿ ಕೊಟ್ಟಿತು, 1918ರಲ್ಲಿ ಅವರು ರಾಯಲ್ ಸೊಸೈಟಿಯ ಸದಸ್ಯರಾದರು.

ಈ ಕತೆಗಳನ್ನು ಹೇಳುವುದಕ್ಕೆ ಕಾರಣವಿದೆ. ಪದವಿ ಇಲ್ಲದವನು ಅದರ ಬದಲಿಗೆ ಬೇರೊಂದು ಸಾಕ್ಷ್ಯವನ್ನು ತಾನೇ ಕಟ್ಟಬೇಕಾಗುತ್ತದೆ, ಮತ್ತು ಅದನ್ನು ಪ್ರತಿ ಹೊಸ ಬಾಗಿಲಿನಲ್ಲೂ ಮತ್ತೆ ತೋರಿಸಬೇಕಾಗುತ್ತದೆ. ನಿಮ್ಮ ಕ್ಷೇತ್ರದಲ್ಲಿ ಅದು ಸಾಧ್ಯ, ಏಕೆಂದರೆ ನೀವು ಬರೆದ ಪ್ರೋಗ್ರಾಂ ಅನ್ನು ಯಾರು ಬೇಕಾದರೂ ತೆರೆದು ನೋಡಬಹುದು. ವೈದ್ಯಕೀಯದಲ್ಲಿ, ಕಾನೂನಿನಲ್ಲಿ, ಔಷಧ ವಿಜ್ಞಾನದಲ್ಲಿ, ಶಿಕ್ಷಕ ವೃತ್ತಿಯಲ್ಲಿ ಈ ಪ್ರಶ್ನೆಗೆ ಹೆಚ್ಚು ಜಾಗವಿಲ್ಲ. ಅಲ್ಲಿ ಪರವಾನಗಿಯ ನಿಯಮವೇ ಉತ್ತರ ಕೊಟ್ಟುಬಿಡುತ್ತದೆ.

ಕೈಕಸುಬಿನವ

ಇಲ್ಲಿಯವರೆಗಿನ ಉತ್ತರಗಳನ್ನೆಲ್ಲ ಗೌರವದಿಂದ ಓದಿದೆ. ಒಂದು ಕೊರತೆ ಕಂಡಿತು: ಎಲ್ಲರೂ ವೃತ್ತಿ ಎಂದರೆ ಕಚೇರಿಯ ಕೆಲಸ ಎಂದೇ ಭಾವಿಸಿ ಮಾತನಾಡುತ್ತಿದ್ದಾರೆ. ನಾನು ಅಚ್ಚು ಮತ್ತು ಉಪಕರಣಗಳನ್ನು ತಯಾರಿಸುವ ಕೆಲಸದವನು. ಲೋಹವನ್ನು ಕೂದಲೆಳೆಗಿಂತ ಸಣ್ಣ ಅಳತೆಯಲ್ಲಿ ಕತ್ತರಿಸುವುದನ್ನು ಕಲಿಯಲು ನನಗೆ ನಾಲ್ಕು ವರ್ಷ ಬೇಕಾಯಿತು, ಮತ್ತು ಆ ನಾಲ್ಕು ವರ್ಷ ಒಬ್ಬ ಹಿರಿಯರ ಪಕ್ಕದಲ್ಲೇ ನಿಂತು ಕಲಿತೆ. ನನ್ನನ್ನು ಯಾರೂ ಪದವೀಧರ ಎನ್ನುವುದಿಲ್ಲ. ಆದರೆ ನಾನು ಓದದವನು ಎಂದರೆ ಅದನ್ನೂ ಒಪ್ಪಲಾರೆ.

ಜರ್ಮನಿಯಲ್ಲಿ ಇಂಥ ಕಲಿಕೆಗೆ ಪೂರ್ಣ ಮಾನ್ಯತೆ ಇದೆ. ಅಲ್ಲಿ 300ಕ್ಕೂ ಹೆಚ್ಚು ವೃತ್ತಿಗಳಿಗೆ ಎರಡರಿಂದ ಮೂರೂವರೆ ವರ್ಷಗಳ ತರಬೇತಿ ಇದ್ದು, ಕಲಿಯುವವರು ವಾರದ ಕೆಲವು ದಿನ ಕಾರ್ಖಾನೆಯಲ್ಲೋ ಕಚೇರಿಯಲ್ಲೋ ಸಂಬಳ ಪಡೆದು ದುಡಿಯುತ್ತಾರೆ, ಉಳಿದ ದಿನ ವೃತ್ತಿಶಾಲೆಯಲ್ಲಿ ಓದುತ್ತಾರೆ. ಕೊನೆಯಲ್ಲಿ ಹೊರಗಿನ ಪರೀಕ್ಷಕರು ಪರೀಕ್ಷೆ ಮಾಡಿ ದೇಶವಿಡೀ ನಡೆಯುವ ಪ್ರಮಾಣಪತ್ರ ಕೊಡುತ್ತಾರೆ. ಸ್ವಿಟ್ಜರ್‌ಲೆಂಡ್‌ನಲ್ಲಿ ಕಡ್ಡಾಯ ಶಿಕ್ಷಣ ಮುಗಿಸಿದ ಯುವಜನರಲ್ಲಿ ಸುಮಾರು ಮೂರನೆಯ ಎರಡು ಭಾಗ ಇಂಥ ವೃತ್ತಿಶಿಕ್ಷಣದ ದಾರಿ ಹಿಡಿಯುತ್ತಾರೆ. ಕಾಲೇಜು ಬೇಕೇ ಬೇಡವೇ ಎಂದು ಕೇಳುವ ಮೊದಲು, ಕಾಲೇಜಿನ ಹೊರಗೆ ಕಲಿತದ್ದನ್ನು ಗುರುತಿಸುವ ವ್ಯವಸ್ಥೆ ಇದೆಯೇ ಎಂದು ಕೇಳಬೇಕು. ಅಂಥ ವ್ಯವಸ್ಥೆ ಇಲ್ಲದ ಕಡೆ ಪದವಿಯೊಂದೇ ಗುರುತಾಗಿ ಉಳಿಯುತ್ತದೆ, ಓದಿನಲ್ಲಿ ಆಸಕ್ತಿ ಇಲ್ಲದವರೂ ಅದಕ್ಕಾಗಿ ಸಾಲುಗಟ್ಟುತ್ತಾರೆ.

ಕಾಗದವೇ ಎಲ್ಲವೂ ಆಗಬಾರದು ಎಂದು ನ್ಯಾಯಾಲಯಗಳೂ ಹೇಳಿವೆ. ಅಮೆರಿಕದ ಸುಪ್ರೀಂ ಕೋರ್ಟ್ 1971ರಲ್ಲಿ ಗ್ರಿಗ್ಸ್ ವಿರುದ್ಧ ಡ್ಯೂಕ್ ಪವರ್ ಪ್ರಕರಣದಲ್ಲಿ, ಕೆಲಸಕ್ಕೆ ಸಂಬಂಧವೇ ಇಲ್ಲದ ಶಾಲಾ ಪ್ರಮಾಣಪತ್ರವನ್ನು ಷರತ್ತಾಗಿ ಮಾಡಿ ಕಪ್ಪು ಜನಾಂಗದ ಕಾರ್ಮಿಕರನ್ನು ಒಳ್ಳೆಯ ಹುದ್ದೆಗಳಿಂದ ಹೊರಗಿಡುವುದು ಕಾನೂನಿಗೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಯಾವ ಕೆಲಸಕ್ಕೆ ಯಾವ ಅರ್ಹತೆ ನಿಜವಾಗಿ ಬೇಕು ಎಂದು ಕೇಳುವ ಹಕ್ಕು ಕಲಿತ ಕೈಗಳಿಗೆ ಇರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕವಲುದಾರಿ

ಇಷ್ಟು ತಾಳ್ಮೆಯಿಂದ ಬರೆದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. "ಓದು ಒಕ್ಕಾಲು, ಬುದ್ಧಿ ಮುಕ್ಕಾಲು" ಎಂಬ ಗಾದೆಯನ್ನು ನಾನು ಈವರೆಗೆ ನನ್ನ ಪರವಾದ ಮಾತು ಎಂದುಕೊಂಡಿದ್ದೆ. ಇಲ್ಲಿ ಓದಿದ ಮೇಲೆ, ಆ ಒಕ್ಕಾಲನ್ನೇ ಕೆಲವು ಬಾಗಿಲುಗಳಲ್ಲಿ ಮೊದಲು ಕೇಳುತ್ತಾರೆ ಎಂಬುದು ಅರ್ಥವಾಯಿತು.

ಒಂದು ಅನುಮಾನ ಉಳಿದಿದೆ. ನಾನು ಈಗಾಗಲೇ ಎರಡು ವರ್ಷ ಓದಿದ್ದೇನೆ. ಆ ಎರಡು ವರ್ಷಗಳಿಗೆ ಮಾರುಕಟ್ಟೆಯಲ್ಲಿ ಯಾವ ಬೆಲೆಯೂ ಇಲ್ಲವೇ? ಮೂರರಲ್ಲಿ ಎರಡು ಭಾಗ ಓದಿದವನಿಗೆ ಪದವಿಯ ಮೂರನೆಯ ಎರಡು ಭಾಗದಷ್ಟಾದರೂ ಲಾಭ ಸಿಗಬೇಕಲ್ಲವೇ?

ಅರ್ಜಿಗಳ ಮೇಜು

ನ್ಯಾಯವಾಗಿ ಸಿಗಬೇಕು, ಆದರೆ ಸಿಗುವುದಿಲ್ಲ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ 2023ರ ಲೆಕ್ಕವನ್ನು ನೋಡಿ. ಪ್ರೌಢಶಾಲೆ ಮುಗಿಸಿ ಅಲ್ಲಿಗೇ ನಿಲ್ಲಿಸಿದವರ ವಾರದ ಮಧ್ಯಮ ಗಳಿಕೆ (ಅಂದರೆ ಅರ್ಧ ಜನರದು ಇದಕ್ಕಿಂತ ಕಡಿಮೆ, ಅರ್ಧ ಜನರದು ಹೆಚ್ಚು) 899 ಡಾಲರ್. ಕಾಲೇಜಿಗೆ ಹೋಗಿ ಪದವಿ ಪಡೆಯದೆ ಬಿಟ್ಟವರದು 992. ಪದವಿ ಮುಗಿಸಿದವರದು 1,493. ನಿರುದ್ಯೋಗದ ಪ್ರಮಾಣ ಕ್ರಮವಾಗಿ ಶೇ. 3.9, 3.3 ಮತ್ತು 2.2. ಅರ್ಧ ದಾರಿ ಹೋದವರು ಮೊದಲ ಗುಂಪಿಗೆ ಎಷ್ಟು ಹತ್ತಿರ ಇದ್ದಾರೆ, ಕೊನೆಯ ಗುಂಪಿನಿಂದ ಎಷ್ಟು ದೂರ ಇದ್ದಾರೆ ಗಮನಿಸಿ. ಓದಿನ ಲಾಭ ವರ್ಷದಿಂದ ವರ್ಷಕ್ಕೆ ಸಮವಾಗಿ ಏರದೆ, ಕಾಗದ ಕೈಗೆ ಬರುವ ವರ್ಷ ಒಮ್ಮೆಲೇ ಜಿಗಿಯುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಕೊನೆಯ ವರ್ಷದಲ್ಲಿ ಕಲಿತ ಪಾಠ ಹಿಂದಿನ ವರ್ಷಗಳಿಗಿಂತ ಅಷ್ಟೊಂದು ಹೆಚ್ಚು ಅಮೂಲ್ಯವಾಗಿರಲು ಸಾಧ್ಯವಿಲ್ಲ, ಆದ್ದರಿಂದ ಆ ಜಿಗಿತದ ಬಹುಪಾಲು ಮುಗಿಸಿದ್ದಾನೆ ಎಂಬ ಗುರುತಿಗೇ ಸಲ್ಲಬೇಕು.

ಈ ಸಂಖ್ಯೆಗಳನ್ನು ಎಚ್ಚರದಿಂದಲೂ ಓದಬೇಕು. ಓದು ಬಿಟ್ಟವರಲ್ಲಿ ಅನಾರೋಗ್ಯ, ಬಡತನ, ಮನೆಯ ಜವಾಬ್ದಾರಿ ಇದ್ದವರು ಹೆಚ್ಚಿರಬಹುದು, ಅವರ ಗಳಿಕೆ ಕಡಿಮೆಯಾಗಲು ಅವೂ ಕಾರಣವಾಗಿರಬಹುದು. ನಿಮ್ಮಂತೆ ಕೈಯಲ್ಲಿ ಕೆಲಸ ಇಟ್ಟುಕೊಂಡು ಬಿಡುವವರ ಸ್ಥಿತಿ ಸರಾಸರಿಗಿಂತ ಚೆನ್ನಾಗಿರಬಹುದು. ಆದರೂ ಕೇಳಿದ್ದೀರಿ ಎಂದು ನೇರವಾಗಿ ಹೇಳುತ್ತೇನೆ: ನೀವು ಮೊದಲನೆಯ ವರ್ಷದಲ್ಲಿದ್ದಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಒಂದೇ ವರ್ಷ ಉಳಿದಿರುವಾಗ ಬಿಡುವುದು, ಹೊಲ ಬೆಳೆದು ನಿಂತ ಮೇಲೆ ಕೊಯ್ಲಿಗೆ ಮುಂಚೆ ಎದ್ದು ಹೋದಂತೆ.

ತಡವಾಗಿ ಓದಿದವನು

ಎರಡರಲ್ಲಿ ಒಂದನ್ನೇ ಆರಿಸಬೇಕೆಂದು ಏಕೆ ಭಾವಿಸುತ್ತೀರಿ? ನಿಮ್ಮ ಎರಡು ತಿಂಗಳ ಕೆಲಸವನ್ನು ಮೆಚ್ಚಿದ ಕಂಪನಿ, ನೀವು ವಾರಕ್ಕೆ ಹದಿನೈದೋ ಇಪ್ಪತ್ತೋ ಗಂಟೆ ಕೆಲಸ ಮಾಡಿ, ಪರೀಕ್ಷೆ ಮುಗಿದ ಮೇಲೆ ಪೂರ್ಣಾವಧಿಗೆ ಬರುತ್ತೇನೆ ಎಂದರೆ ಒಪ್ಪಬಹುದು. ಎರಡು ದೋಣಿಯಲ್ಲಿ ಕಾಲಿಟ್ಟಂತಾಗುತ್ತದೆ ಎಂದು ಕೆಲವರು ಹೆದರಿಸುತ್ತಾರೆ. ಒಂದು ವರ್ಷದ ಮಟ್ಟಿಗೆ, ದಡ ಕಣ್ಣಿಗೆ ಕಾಣುತ್ತಿರುವಾಗ, ಅದು ಅಷ್ಟು ಅಪಾಯವಲ್ಲ. ಒಪ್ಪದಿದ್ದರೆ ಅದರಿಂದಲೂ ನಿಮಗೆ ಒಂದು ವಿಷಯ ತಿಳಿಯುತ್ತದೆ. ನಿಮ್ಮ ಕೌಶಲ ಬೇಕಾಗಿರುವವರು ಹತ್ತು ತಿಂಗಳು ಹೊಂದಿಕೊಳ್ಳುತ್ತಾರೆ, ಕಡಿಮೆ ಸಂಬಳದ ಕೈಗಳು ಮಾತ್ರ ಬೇಕಾಗಿರುವವರು ಇಂದೇ ಬಾ ಎನ್ನುತ್ತಾರೆ. ಇದು ನನ್ನ ಅನುಭವದ ಮಾತು, ಎಲ್ಲ ಕಡೆಯೂ ಹೀಗೆಯೇ ಎಂದು ಹೇಳಲಾರೆ, ಏಕೆಂದರೆ ಸಣ್ಣ ಕಂಪನಿಗೆ ನಿಜವಾಗಿಯೇ ತುರ್ತು ಇರಬಹುದು.

ಕವಲುದಾರಿ

ಇಂದು ಬೆಳಿಗ್ಗೆ ಕಂಪನಿಯವರೊಂದಿಗೆ ಮಾತನಾಡಿದೆ. ವಾರಕ್ಕೆ ಹದಿನಾರು ಗಂಟೆಯ ಕೆಲಸಕ್ಕೆ ತಾತ್ವಿಕವಾಗಿ ಒಪ್ಪಿದ್ದಾರೆ, ಸಂಬಳ ಅದಕ್ಕೆ ತಕ್ಕಂತೆ ಕಡಿಮೆ ಇರುತ್ತದೆ. ಪರೀಕ್ಷೆಯ ತಿಂಗಳು ರಜೆ ಕೊಡುವ ಬಗ್ಗೆ ನಾಳೆ ಹೇಳುತ್ತಾರಂತೆ. ತಂದೆಯವರಿಗೆ ಇನ್ನೂ ಪೂರ್ತಿ ಸಮಾಧಾನವಾಗಿಲ್ಲ, ಆದರೆ ಕಾಲೇಜಿನ ಹಾಜರಾತಿ ಎಷ್ಟು ಬೇಕು ಎಂದು ಅವರೇ ಕೇಳಿ ಬರೆದುಕೊಂಡರು.

ಪಾಠ ಹೇಳುವವಳು

ಒಳ್ಳೆಯ ಸುದ್ದಿ. ಹಾಜರಾತಿಯ ವಿಷಯವನ್ನು ಕಚೇರಿಯಲ್ಲಿ ಬಾಯಿಮಾತಿನಲ್ಲಿ ಕೇಳಿ ಬರಬೇಡಿ, ವಿಭಾಗದ ಮುಖ್ಯಸ್ಥರಿಗೆ ಪತ್ರ ಬರೆದು ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಿರಿ. ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟ್ ಆಗಿ ಕಂಪನಿಯಲ್ಲಿ ಮಾಡುವ ಕೆಲಸವನ್ನೇ ಒಪ್ಪುತ್ತಾರೆಯೇ ಎಂದು ಅದೇ ಪತ್ರದಲ್ಲಿ ಕೇಳಿ. ನಮ್ಮ ವಿಭಾಗದಲ್ಲಿ ಹಾಗೆ ಕೇಳಿದ ವಿದ್ಯಾರ್ಥಿಗಳು ಕಡಿಮೆ, ಕೇಳಿದವರಿಗೆ ನಾವು ಹೆಚ್ಚಾಗಿ ಒಪ್ಪಿಗೆ ಕೊಟ್ಟಿದ್ದೇವೆ.